ಗಸಗಸೆಯ ಪರೀಕ್ಷೆ

ಗುರಾಚಾರ್ ಮಾಸ್ತರರ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳು ಎಂದು ಯಾರಾದರೂ ಪಟ್ಟು ಹಿಡಿದರೆ, ಅವರ ಕಿವಿಯ ಬಗ್ಗೆ ಹೇಳಿ ಸುಮ್ಮನಾಗುತ್ತೇನೆ. ಒಣಕಲು ಮೈಗೆ ಒಪ್ಪದ ದೊಡ್ಡ ಕಿವಿಗಳು, ಒಳಗಿನಿಂದ ಇಣುಕುವ ಬಿಳಿ ಕೂದಲು. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ, ಗಾಡಿ ಇನ್ನೂ ತಿರುವಿನ ಆಚೆ ಇರುವಾಗಲೇ ಹಾರ್ನ್ ಕೇಳಿ, "ಇದು ಶಿರಹಟ್ಟಿ ಗಾಡಿ, ಮುಂಡರಗಿದಲ್ಲ, ಕುಂಡ್ರಿ" ಎಂದು ಪಕ್ಕದವರನ್ನು ಕೂರಿಸುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ತಪ್ಪಲಿ ಎಂದು ಕಾದು ನಿಂತು ನೋಡಿದವನು ನಾನು, ಅದಕ್ಕೇ ಗೊತ್ತು.

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದರು. ಹೊಗಳುವುದೆಂದರೆ ಏನೆಂದೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಸರಿ ಉತ್ತರ ಹೇಳಿದವನನ್ನೂ, ನೀನು ಯಾವಾಗ ನೋಡಿದಿ, ಹೇಗೆ ನೋಡಿದಿ ಎಂದು ಹಿಂಡುತ್ತಿದ್ದರು. ಕಬ್ಬಿಣದ ಗುಂಡು ಕಾಯಿಸಿದರೆ ಹಿಗ್ಗುತ್ತದೆ ಎಂದು ಒಮ್ಮೆ ನಾನು ಹೇಳಿದೆ. ಪುಸ್ತಕದಲ್ಲಿ ಇದ್ದದ್ದೇ ಅದು. ಇಡೀ ತಾಸು ಬೆಂಚಿನ ಮೇಲೆ ನಿಲ್ಲಿಸಿದರು. "ಖರೆ ಹೇಳಿದಿ. ಆದ್ರ ಖರೆ ಅಂತ ನಿನಗ ಗೊತ್ತಿಲ್ಲ" ಎಂದರು. ಆ ವಯಸ್ಸಿಗೆ ಅದೇನು ಅರ್ಥವಾಗಬೇಕು? ಕಾಲು ನೋಯುತ್ತಿದ್ದದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಮುಂದೆ ನಾನು ರೇಡಿಯೋ ರಿಪೇರಿ ಕಲಿತು ಬೆಟಗೇರಿಯಲ್ಲಿ ಮಗ್ಗಗಳ ಓಣಿಯ ತುದಿಗೆ ಅಂಗಡಿ ಹಾಕಿದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಉಳ್ಳವರ ಮನೆಗಳಿಗೆ ರಿಕಾರ್ಡ್ ಪ್ಲೇಯರ್ ಬರುತ್ತಿದ್ದ ಕಾಲ. ನಾನೇ ಬೆಸುಗೆ ಹಾಕಿ ಒಂದು ಆಂಪ್ಲಿಫೈಯರ್ ಕಟ್ಟಿದೆ. ತೇಗದ ಡಬ್ಬಿ, ಮುಂದೆ ಮೂರು ತಿರುಗುಗುಂಡಿ, ಒಂದು ಕೆಂಪು ದೀಪ. ಮನೆಯ ರೇಡಿಯೋಗೂ ಸ್ಪೀಕರಿಗೂ ನಡುವೆ ಇದನ್ನು ಹಚ್ಚಿದರೆ ಹಾಡುವವರು ಎದುರಿಗೇ ಬಂದು ಕುಳಿತಂತಾಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಬಾಯಿಮಾತಿಗೆ ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದೆ. ನೇಕಾರರು ಮಗ್ಗ ಬಿಟ್ಟು ಬಂದು ಕೇಳಿ ತಲೆದೂಗುತ್ತಿದ್ದರು. ಇನ್ನೊಬ್ಬರು ಮಾಡಿದ್ದನ್ನು ರಿಪೇರಿ ಮಾಡುತ್ತಲೇ ಸಾಯಲು ನನಗೆ ಮನಸ್ಸಿರಲಿಲ್ಲ. ಆ ಡಬ್ಬಿಯೇ ನನ್ನ ಮುಂದಿನ ಬದುಕು ಅಂದುಕೊಂಡಿದ್ದೆ.

ಲಕ್ಷ್ಮೇಶ್ವರದ ಬಸಣ್ಣ ಸಾವಕಾರರು ಡಬ್ಬಿ ತಂದು ತೋರಿಸು ಎಂದು ಹೇಳಿಕಳಿಸಿದರು. ಹತ್ತಿ ವ್ಯಾಪಾರದ ಮನೆತನ. ಅವರ ಮನೆಗೆ ಬಂದ ವಸ್ತು ಶಿರಹಟ್ಟಿ, ಮುಂಡರಗಿಯ ಬೀಗರ ಮನೆಗಳಿಗೂ ಬರಲೇಬೇಕು. ಅವರೊಬ್ಬರು ಹೂಂ ಎಂದರೆ ನಾನು ಗೆದ್ದಂತೆ. ಹೋಗಿ ನೋಡಿದರೆ ಪಡಸಾಲೆಯಲ್ಲಿ ಗುರಾಚಾರ್ ಮಾಸ್ತರರು ಕುಳಿತಿದ್ದರು. ತಿಳಿದವರೊಬ್ಬರು ಇರಲಿ ಎಂದು ಸಾವಕಾರರೇ ಕರೆಸಿದ್ದರು. 

ಆಗ ನಮ್ಮ ಕಡೆ ಸ್ಪೀಕರನ್ನು ಮಣ್ಣಿನ ಹರವಿಯ ಬಾಯಿಗೆ ಕೂರಿಸುವ ರೂಢಿ ಇತ್ತು. ದನಿ ತುಂಬಿಕೊಂಡು ಬರುತ್ತಿತ್ತು. ನಾನೂ ಒಂದು ಹರವಿ ಒಯ್ದಿದ್ದೆ. ಮೊದಲು ಸಾವಕಾರರ ರಿಕಾರ್ಡ್ ಪ್ಲೇಯರನ್ನು ಅವರ ರೇಡಿಯೋಗೆ ಹಚ್ಚಿ ಒಂದು ರಿಕಾರ್ಡ್ ಕೇಳಿಸಿದೆ. ಆಮೇಲೆ ನನ್ನ ಡಬ್ಬಿ, ಹರವಿ ಎರಡನ್ನೂ ಹಚ್ಚಿ ಅದೇ ಹಾಡು ಕೇಳಿಸಿದೆ. ಸಾವಕಾರರ, ಅವರ ಹೆಂಡತಿ ಗಂಗವ್ವನವರ ಮುಖ ಅರಳಿತು. ಭಾಳ ಫರಕ್ ಐತಿ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಮಾಸ್ತರರು ಕುಳಿತಲ್ಲಿಂದಲೇ ಬಾಯಿ ಹಾಕಿದರು. "ಲೇ ಶಿವ್ಯಾ, ಮೊದಲ ಹರವಿ ಇರಲಿಲ್ಲ, ಈಗ ಅದ. ಫರಕ್ ಹರವಿದೋ, ಡಬ್ಬಿದೋ?"

ಹರವಿಯನ್ನು ಎರಡಕ್ಕೂ ಹಚ್ಚಬೇಕಾಯಿತು. ಆಗಲೂ ಡಬ್ಬಿ ಇದ್ದದ್ದೇ ಚೆನ್ನ ಎಂದರು ಗಂಡಹೆಂಡತಿ. ಮಾಸ್ತರರು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಗಂಗವ್ವನವರಿಂದ ಒಂದು ಚಿಟಿಕೆ ಗಸಗಸೆ ಕೇಳಿ ಪಡೆದರು. ಸ್ಪೀಕರಿನ ಮೇಲೆ ಒಂದು ಕಾಗದ ಹಾಸಿ ಅದರ ಮೇಲೆ ಉದುರಿಸಿದರು. ಡಬ್ಬಿ ಇಲ್ಲದೆ ಹಾಡು ಹಚ್ಚಿದಾಗ ಕಾಳು ಸಣ್ಣಗೆ ಕುಣಿದವು. ಡಬ್ಬಿ ಹಚ್ಚಿದ ಕೂಡಲೇ ಎಗರಿ ಬಿದ್ದವು. ಡಬ್ಬಿ ಹಚ್ಚಿದಾಗ ನಾನು ಪ್ರತಿ ಸಲವೂ ದನಿಯನ್ನು ಒಂಚೂರು ಏರಿಸಿಯೇ ಕೇಳಿಸುತ್ತಿದ್ದೆ. ಮೋಸವೆಂದು ಮಾಡಿದ್ದಲ್ಲ, ಕೈಗೆ ಹಾಗೆ ರೂಢಿಯಾಗಿತ್ತು. ಎರಡೂ ಸಲ ಗಸಗಸೆ ಒಂದೇ ರೀತಿ ಕುಣಿಯುವ ತನಕ ಮಾಸ್ತರರು ಗುಂಡಿ ತಿರುಗಿಸಿ ಇಳಿಸಿದರು. ಕಾಗದ ತೆಗೆದು, ನಮ್ಮನ್ನೆಲ್ಲ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನನ್ನನ್ನೂ ಸಹ. ವಯರು ಬದಲಿಸುತ್ತ, ಈಗ ಡಬ್ಬಿ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳಿದರು. ಇದ್ದಾಗ ಇಲ್ಲ ಎಂದೆವು, ಇಲ್ಲದಾಗ ಇದೆ ಎಂದೆವು. ಕಟ್ಟಿದವನು ನಾನು, ನನಗೂ ತಿಳಿಯಲಿಲ್ಲ.

"ಏನೂ ಫರಕ್ ಇಲ್ಲ ಸಾವಕಾರ್ರ. ದನಿ ಏರ್ತದ, ಅಷ್ಟ" ಎಂದು ಮಾಸ್ತರರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಿರುಗಿ ಬಂದೆ. ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತೋ ಏನೋ, ವಾರದೊಳಗೆ ನನ್ನದು ಗಸಗಸಿ ಅಂಗಡಿ ಆಯಿತು. ಬೇಕು ಎಂದಿದ್ದವರು ಬೇಡ ಎಂದರು. ಡಬ್ಬಿ ಕಟ್ಟುವುದು ಅಲ್ಲಿಗೆ ಮುಗಿಯಿತು; ಮತ್ತೆ ಫ್ಯಾನು, ಇಸ್ತ್ರಿ, ಹಳೆಯ ರೇಡಿಯೋ. ಮಾಸ್ತರರು ಹೇಳಿದ್ದು ಸುಳ್ಳೆಂದು ನಾನು ಯಾವತ್ತೂ ಅನ್ನಲಿಲ್ಲ. ಆದರೆ ಕೈಕೆಳಗೆ ಕಲಿತ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ? ನಾಲ್ಕು ಜನರ ಎದುರು ಗೋಡೆಗೆ ಮುಖ ಮಾಡಿ ಕೂರಿಸಬೇಕಿತ್ತೇ? ಅವರನ್ನು ಬೈಯದೆ ನನಗೆ ಚಹಾ ಇಳಿಯುತ್ತಿರಲಿಲ್ಲ. ಅಂದಿನಿಂದ ಎರಡು ಸೆಟ್ಟಿನ ದನಿ ಸಮ ಮಾಡದೆ ಗಿರಾಕಿಗೆ ಕೇಳಿಸುವುದು ನನ್ನ ಕೈಲಾಗಲಿಲ್ಲ. ಅದಕ್ಕೂ ಅವರನ್ನೇ ಬೈದೆ.

ಏಳೆಂಟು ವರ್ಷಗಳ ಮೇಲೆ ಅವರ ಮಗಳು ಸುಭದ್ರಾಬಾಯಿ ಹೇಳಿಕಳಿಸಿದರು, ಅಪ್ಪನ ರೇಡಿಯೋ ಕೆಟ್ಟಿದೆ, ನೀವೇ ಬರಬೇಕಂತೆ ಎಂದು. ನನಗೆ ಒಳಗೊಳಗೇ ಖುಷಿಯಾಯಿತು. ಮೂಲೆಯಲ್ಲಿದ್ದ ಡಬ್ಬಿಯ ಧೂಳು ಒರೆಸಿ, ಬೇಕೆಂದೇ ಚೀಲಕ್ಕೆ ಹಾಕಿಕೊಂಡೆ. ಅವರ ಮನೆಯಲ್ಲಿಯೇ, ಅವರ ಕಿವಿಗೇ ಅದನ್ನು ಕೇಳಿಸಿ ಬರಬೇಕು ಎನ್ನುವುದೊಂದೇ ಇತ್ತು ತಲೆಯಲ್ಲಿ.

ರೇಡಿಯೋ ಓಣಿಗೇ ಕೇಳುವಂತೆ ಹಾಡುತ್ತಿತ್ತು. ಸುಭದ್ರಾಬಾಯಿ ಬಾಗಿಲಲ್ಲಿಯೇ ತಡೆದು, "ನಮಗೆಲ್ಲಾ ಕೇಳಸ್ತದ್ರಿ. ಅಪ್ಪಗಷ್ಟ ಕೇಳಸೂದಿಲ್ಲ" ಎಂದರು. ಒಳಗೆ ಮಾಸ್ತರರು ರೇಡಿಯೋವನ್ನು ಅಂಗಾತ ಮಲಗಿಸಿ, ಸ್ಪೀಕರಿನ ಮೇಲೆ ಕಾಗದ ಹಾಸಿ, ಗಸಗಸೆ ಉದುರಿಸಿಕೊಂಡು ಕುಳಿತಿದ್ದರು. ಹೊರಗೆ ಬಸ್ಸಿನ ಹಾರ್ನ್ ಆಯಿತು. ತಲೆ ಎತ್ತಲಿಲ್ಲ.

ನನ್ನನ್ನು ಕಂಡು ಕಾಗದ ತೋರಿಸಿದರು. "ಗಸಗಸಿ ಹಾರ್ತದ. ಅಂದ್ರ ರೇಡಿಯೋ ಸರಿ ಅದ. ಕೆಟ್ಟದ್ದು ಯಾವುದು ಅಂತ ಮುಂಜಾನೆ ಗೊತ್ತಾತು." ಆಮೇಲೆ ನನ್ನ ಚೀಲ ನೋಡಿದರು. "ನಿನ್ನ ಡಬ್ಬಿ ಹಚ್ಚು. ದನಿ ಏರ್ತದಲ್ಲ."

ಗಸಗಸೆಯ ಕಾಗದ ಎತ್ತಿಟ್ಟು, ರೇಡಿಯೋದ ಹಿಂಬದಿ ಬಿಚ್ಚಿ ಸ್ಪೀಕರಿಗೆ ಡಬ್ಬಿ ಹಚ್ಚಿ, ಮತ್ತೆ ಅಂಗಾತ ಮಲಗಿಸಿ ಕಾಗದ ಹಾಸಿದೆ. ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಕಪಾಟಿನ ಗಾಜು ಅದುರಿತು, ಆಚೆಮನೆಯವರು ಹೊರಗೆ ಬಂದರು, ಕಾಳು ಒಂದೂ ಉಳಿಯದೆ ನೆಲಕ್ಕೆ ಹಾರಿದವು. ಮಾಸ್ತರರು ಬಗ್ಗಿ, ಕಿವಿ ಹಚ್ಚಿ, ಕಣ್ಣು ಮುಚ್ಚಿದರು. ಗೆಲ್ಲಲು ಬಂದಿದ್ದ ನಾನು, ಕೇಳಿಸಲಿ, ಒಂದಿಷ್ಟಾದರೂ ಕೇಳಿಸಲಿ ಎಂದು ಬೆಂಚಿನ ಮೇಲೆ ನಿಂತ ಹುಡುಗನಾಗಿ ನಿಂತಿದ್ದೆ.

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ನೆಲದ ಮೇಲಿನ ಗಸಗಸೆಯನ್ನು ನೋಡಿದರು, ನನ್ನ ಮುಖ ನೋಡಿದರು.

"ಏನೂ ಫರಕ್ ಇಲ್ಲಲೇ ಶಿವ್ಯಾ" ಎಂದರು.

ಆ ವರ್ಷವೇ ಅವರು ಹೋದ ಖಬರು ಬಂತು. ನಾನು ಕೊನೆಯ ದರ್ಶನಕ್ಕೂ ಹೋಗಲಿಲ್ಲ. ಕೇಳಿಸಿತು ಎಂದು ಅವತ್ತು ಒಂದು ಸುಳ್ಳು ಹೇಳಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಸಾವಕಾರರ ಪಡಸಾಲೆಯ ಸಿಟ್ಟು ಎಂದೋ ಇಳಿದಿದೆ. ಈ ಸಿಟ್ಟು ಇನ್ನೂ ಇಳಿದಿಲ್ಲ.