ಅವ್ವನ ಬಾಡಿನ ಸಾರು, ನಲ್ಲೂರಿನ ಕುಕ್ಕರು

ನ್ಯಾಮತಿಯಲ್ಲಿ ಬಾಡಿಗೆಗಿದ್ದ ಏಳು ವರ್ಷ ನರ್ಸ್ ತಿಪ್ಪಮ್ಮ ತನ್ನ ಒಲೆಯ ಮೇಲೆ ಬಾಡು ಬೇಯಿಸಲಿಲ್ಲ. ಮನೆ ಕೊಟ್ಟ ದಿನವೇ ಮಾಲೀಕ ಜಯದೇವಪ್ಪ, "ನೋಡ್ರಿ ನರ್ಸಮ್ಮಾರೆ, ನೀವು ಯಾವ ಪೈಕಿ ಅಂತ ನಾನು ಕೇಳಾಕೆ ಹೋಗಲ್ಲ. ಆದ್ರೆ ಮನೇಲಿ ಅಂಥದ್ದೆಲ್ಲ ಬ್ಯಾಡ," ಎಂದಿದ್ದರು. ಅದಕ್ಕೂ ಮೊದಲು ಮೂರು ಮನೆಯವರು ಪೈಕಿ ಕೇಳಿಯೇ ಬಾಗಿಲು ಹಾಕಿಕೊಂಡಿದ್ದರು. ತಿಪ್ಪಮ್ಮ ತಲೆಯಾಡಿಸಿ ಬೀಗದ ಕೈ ಈಸಿಕೊಂಡಳು.

ಹಗಲೆಲ್ಲ ಹಳ್ಳಿ ಸುತ್ತಿ, ಬಾಣಂತಿಯರನ್ನು ನೋಡಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿ ಬಂದು ತಿಳಿಸಾರಿನ ಅನ್ನ ಕಲಸಿಕೊಂಡು ಕೂತರೆ ತನ್ನೂರು ಬಿಳಿಚೋಡು ನೆನಪಾಗುತ್ತಿತ್ತು. ಅಲ್ಲಿ ಅವ್ವ ಉಡಚಮ್ಮ ಮೂರು ಕಲ್ಲಿನ ಒಲೆಗೆ ಮಣ್ಣಿನ ಗಡಿಗೆಯೇರಿಸಿ, ಮುದಿ ಎತ್ತಿನ ಗಟ್ಟಿ ಬಾಡನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಯಿಸುವಳು. ಎರಡು ಮೂರು ತಿಂಗಳಿಗೊಮ್ಮೆ ಮಗಳು ಬಸ್ಸಿಂದ ಬಸ್ಸಿಗೆ ಹತ್ತಿಳಿದು ಊರು ಸೇರುವ ಹೊತ್ತಿಗೆ ಸಾರು ಕುದಿಯುತ್ತಿರುತ್ತಿತ್ತು.

"ಹೆಂಗೆ ಮಾಡ್ತೀಯವ್ವ, ನನಗೂ ಹೇಳ್ಕೊಡು," ಎಂದರೆ, "ಬರೋದೇ ಒಂದಿನ. ಆ ಒಂದಿನಾನೂ ಒಲೆ ಮುಂದೆ ಕೂರ್ತೀಯಾ? ಸುಮ್ನೆ ಉಣ್ಣು," ಎಂದು ಗದರಿ ಮುದ್ದೆಯ ಪಕ್ಕಕ್ಕೆ ಸಾರು ಸುರಿಯುವಳು.

೧೯೮೧ರ ಬೇಸಿಗೆಯಲ್ಲಿ ಉಡಚಮ್ಮ ಎರಡೇ ದಿನದ ಜ್ವರಕ್ಕೆ ತೀರಿಕೊಂಡಳು. ಊರೂರಿಗೆ ಮಾತ್ರೆ ಹಂಚುವ ಮಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು.

ಮರುವರ್ಷ ತಿಪ್ಪಮ್ಮನಿಗೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ ವರ್ಗವಾಯಿತು. ಸರ್ಕಾರಿ ಕ್ವಾರ್ಟರ್ಸು ಸಿಕ್ಕಿತು. ಒಂದು ಕೋಣೆ, ಒಂದು ಅಡಿಗೆಮನೆ; ಒಲೆಯ ಮೇಲೆ ಏನಿದೆಯೆಂದು ಕೇಳುವವರಿಲ್ಲ. ಚನ್ನಗಿರಿಯ ಪಾತ್ರೆ ಅಂಗಡಿಯಿಂದ ಐದು ಲೀಟರಿನ ಕುಕ್ಕರು ತಂದಳು. ತಂದು ವಾರವಾದರೂ ಒಲೆಗೇರಿಸಲಿಲ್ಲ, ಎಲ್ಲಿ ಸಿಡಿಯುತ್ತದೋ ಎಂಬ ಭಯ. ಪಕ್ಕದ ಬೀದಿಯ ಮೆಹರಾಜ್ ಬೇಗಂಳ ಮೂರನೆಯ ಹೆರಿಗೆ ತಿಪ್ಪಮ್ಮನ ಕೈಯಲ್ಲೇ ಆಗಿತ್ತು. ಸಂಗತಿ ಕೇಳಿ ಅವಳು ನಗುತ್ತ ಬಂದಳು, ಎಲೆಯಲ್ಲಿ ಸುತ್ತಿದ ಒಂದು ಸೇರು ಬಾಡಿನ ಜೊತೆ.

"ಹೆರಿಗೆಗೆ ಹೆದರದೋರು ಕುಕ್ಕರಿಗೆ ಹೆದರ್ತೀರಲ್ರೀ!"

ಈರುಳ್ಳಿ ಕೆಂಪಗೆ ಹುರಿದು, ಶುಂಠಿ ಬೆಳ್ಳುಳ್ಳಿ ಅರೆದು ಹಾಕಿ, ಖಾರದ ಪುಡಿ ಧನಿಯ ಪುಡಿ ಬೆರೆಸಿ, ಬಾಡಿನ ನೀರು ಇಂಗುವವರೆಗೆ ಬಾಡಿಸಿದರು. ತಿಪ್ಪಮ್ಮ ಆಲೂಗಡ್ಡೆಗೆ ಕೈಹಾಕಿದರೆ ಮೆಹರಾಜ್ ತಡೆದಳು. "ಈಗ್ಲೇ ಹಾಕಿದ್ರೆ ಕರಗಿ ಹೋಗ್ತೈತೆ. ಮೊದ್ಲು ಬಾಡು ಆರು ಕೂಗು ಕೂಗ್ಲಿ."

ಮೊದಲ ಕೂಗಿಗೇ ಮಸಾಲೆಯ ಘಮ ಮನೆ ತುಂಬಿತು. ತಿಪ್ಪಮ್ಮ ಥಟ್ಟನೆ ಎದ್ದು ಕಿಟಕಿ ಮುಚ್ಚಿದಳು. ಮೆಹರಾಜ್ ಅವಳನ್ನೇ ಒಂದು ಗಳಿಗೆ ನೋಡಿ, ಹೋಗಿ ಎರಡೂ ಕದ ತೆರೆದಿಟ್ಟಳು.

ಬಾಡು ಬೆಣ್ಣೆಯಂತೆ ಬೆಂದಿತ್ತು. ಎರಡು ತುತ್ತು ತಿಂದು ತಿಪ್ಪಮ್ಮನ ಕೈ ನಿಂತಿತು. "ಚೆನ್ನಾಗೈತೆ ಆಪಾ. ಆದ್ರೆ ನಮ್ಮವ್ವಂದು ಹಿಂಗಿರ್ತಿರಲಿಲ್ಲ."

"ಹೆಂಗಿತ್ತು ಹೇಳ್ರಿ, ಮಾಡಾಣ."

ತಿಪ್ಪಮ್ಮ ನೆನಪಿನ ಮೇಲೆಯೇ ಹುಡುಕತೊಡಗಿದಳು. ಆಮೇಲಿನ ಭಾನುವಾರಗಳಲ್ಲಿ ಹುಚ್ಚೆಳ್ಳು ಹುರಿದು ಕುಟ್ಟಿ ಹಾಕಿದಳು, ಒಣಕೊಬ್ಬರಿ ಸುಟ್ಟು ಹಾಕಿದಳು. ಹತ್ತಿರ ಬಂದಂತಾಗಿ ತಪ್ಪಿಹೋಗುತ್ತಿತ್ತು.

ದೀಪಾವಳಿಗೆ ಅಪ್ಪ ಮೂಕಪ್ಪ ಬಂದ. ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು. ಬಾಡು ಮುಟ್ಟದೆ ವರ್ಷವಾಗಿತ್ತು. ಮೊದಲ ತುಂಡು ನಾಲಿಗೆಯಲ್ಲೇ ಒತ್ತಿ ನುಂಗಿ, "ಇದಕ್ಕೆ ಹಲ್ಲೇ ಬ್ಯಾಡಲ್ಲೇ ತಿಪ್ಪಿ!" ಎಂದು ಹಿಗ್ಗಿದ.

"ಅವ್ವಂದಿದ್ದಂಗೈತಾ?"

"ಇಲ್ಲ ಬಿಡು."

"ಏನು ಕಮ್ಮಿ ಐತಪ್ಪಾ?"

ಮೂಕಪ್ಪ ಬೆರಳು ನೆಕ್ಕುತ್ತ ಯೋಚಿಸಿದ. "ನೀನು ಬರೋ ದಿನ ಆಕಿ ಒಲೆ ಮುಂದೆ ಎಲ್ಲಿ ಕೂರ್ತಿದ್ಲು? ಬಸ್ಸು ಬಂತಾ ನೋಡಾಕೆ ಗಳಿಗೆಗೊಂದ್ಸಲ ರಸ್ತೆಗೆ ಓಡೋಳು. ಅಷ್ಟರಾಗೆ ಗಡಿಗೆ ತಳ ಹಿಡಿಯೋದು. ಆ ಸೀದ ವಾಸನೆ ಇದರಾಗಿಲ್ಲ."

ತಿಪ್ಪಮ್ಮ ಸೌಟು ಹಿಡಿದುಕೊಂಡೇ ಕೂತಳು. ಅಷ್ಟು ವರ್ಷ ಉಂಡು, ಅದು ಮಸಾಲೆಯ ಗುಟ್ಟು ಎಂದುಕೊಂಡಿದ್ದಳು. ಕಣ್ಣು ತುಂಬಿದ್ದು ಅಪ್ಪನಿಗೆ ಕಾಣದಿರಲೆಂದು ತಿರುಗಿ ಸ್ಟವ್ ಆರಿಸಿದಳು.

ಅಪ್ಪ ಹೋದ ಮೇಲೆ ಒಂದು ದಿನ ಬೇಕೆಂದೇ ತಳ ಹಿಡಿಸಿ ನೋಡಿದಳು. ಬರೀ ಕರಕಲು, ಕುಕ್ಕರು ತಿಕ್ಕಿ ತಿಕ್ಕಿ ಸಾಕಾಯಿತು. ಮತ್ತೆ ಹಾಗೆ ಮಾಡಲಿಲ್ಲ. ಮೂಕಪ್ಪ ಮಾತ್ರ ಆಮೇಲೆ ನಾಲ್ಕು ವರ್ಷ, ಕಾಲಲ್ಲಿ ಶಕ್ತಿಯಿರುವತನಕ, ತಿಂಗಳಿಗೊಮ್ಮೆ ನಲ್ಲೂರಿಗೆ ಬಂದು ಎರಡೆರಡು ಸಲ ಹಾಕಿಸಿಕೊಂಡು ಉಂಡ.