ಹಂಪಿಯ ಅಂಗಡಿಯಲ್ಲಿದ್ದ ಸಾಮಾನಿನ ಪುಸ್ತಕ

ಆ ಪುಸ್ತಕ ಕೊಳ್ಳಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಮೂರು ವಾರ ನಡೆಯಿತು. ಮಾತು ಎನ್ನುವುದೂ ಹೆಚ್ಚೇ. ನನ್ನ ಗಂಡ ಸಂಡೂರಿನ ಗಣಿಯಿಂದ ಬಂದು, ಮೈಮೇಲಿನ ಕೆಂಪು ಧೂಳು ತೊಳೆದುಕೊಂಡು ಊಟಕ್ಕೆ ಕೂತವರು, "ಅದನ್ನ ತಗೊಂಡುಬಿಡೋಣೇನು?" ಎನ್ನುತ್ತಿದ್ದರು. ನಾನು "ನೋಡೋಣ್ರಿ" ಎನ್ನುವಷ್ಟರಲ್ಲಿ ಅವರ ಕಣ್ಣು ನಿದ್ದೆಗೆ ಎಳೆಯುತ್ತಿತ್ತು. ಅದಿರು ಚಿನ್ನದ ಹಾಗೆ ಓಡುತ್ತಿದ್ದ ವರ್ಷಗಳವು. ಲಾರಿ ತುಂಬಿಸಿ ಕಳಿಸುವ ಉಸ್ತುವಾರಿ ಇವರದು. ಭಾನುವಾರ ಒಂದು ರಜೆ, ಅದೂ ಎಷ್ಟೋ ವಾರ ಕೈತಪ್ಪುತ್ತಿತ್ತು. ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ದಣಿವಿನಲ್ಲಿ ನಾನೇನೂ ಇವರಿಗಿಂತ ಕಡಿಮೆಯಿರಲಿಲ್ಲ.

ಪುಸ್ತಕದ ವಿಷಯ ಹೇಳಬೇಕಾದರೆ ಮೊದಲು ಆಟದ ವಿಷಯ ಹೇಳಬೇಕು. ಇವರು ಕಾಲೇಜಿನಲ್ಲಿದ್ದಾಗ ರಜೆಯಲ್ಲಿ ಹಂಪಿಯ ಗೆಸ್ಟ್‌ಹೌಸೊಂದರಲ್ಲಿ ಕೆಲಸ ಮಾಡುತ್ತಿದ್ದರು. ಜ್ವರ ಹಿಡಿದು ಅಲ್ಲೇ ಉಳಿದ ವಿದೇಶಿಯೊಬ್ಬ ಇವರಿಗೆ ಒಂದು ಆಟ ಕಲಿಸಿ, ಹೋಗುವಾಗ ಅದರ ನಿಯಮಗಳ ಪುಸ್ತಕವನ್ನೂ ಹಲವು ಮುಖದ ದಾಳಗಳನ್ನೂ ಕೊಟ್ಟು ಹೋದ. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ತಾವೀಗ ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಆಡುತ್ತಿದ್ದವರು ನಾವು ಮೂವರೇ. ಕಥೆ ಹೇಳುವವರು ಇವರು. ನಾನೊಬ್ಬ ಮಂತ್ರಗಾತಿ. ಮೂರನೆಯವರು ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ, ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾದ ಹೆಂಗಸು. ಓಣಿಯವರೆಲ್ಲ ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಜೀವಮಾನವಿಡೀ ಒಂದು ಹತ್ತಿಯ ಉಂಡೆಯನ್ನೂ ವಾರ್ಡಿನಿಂದ ಮನೆಗೆ ತಾರದ ಆ ಹೆಂಗಸು ಆಟದಲ್ಲಿ ಕಳ್ಳಿಯಾಗಿದ್ದರು. ಬೀಗ ಮುರಿಯುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ.

ಮೊದಮೊದಲು ಇವರ ಕಥೆಗಳು ಎಷ್ಟು ಚೆನ್ನಾಗಿದ್ದವು! ದರೋಜಿಯ ಕರಡಿಗಳು ಬಂಡೆಯ ಸಂದಿನಲ್ಲಿ ಒಂದು ರಾಜ್ಯವನ್ನೇ ಕಟ್ಟಿಕೊಂಡಿದ್ದವು. ನಾವು ಜೇನುತುಪ್ಪ ಹೊತ್ತು ಅವುಗಳ ಹತ್ತಿರ ರಾಯಭಾರಕ್ಕೆ ಹೋಗಿದ್ದೆವು. ಆಮೇಲೆ ಗಣಿಯ ಕೆಲಸ ಹೆಚ್ಚುತ್ತಾ ಹೋದಂತೆ ಕಥೆ ತೆಳುವಾಯಿತು. ಒಂದು ಭಾನುವಾರ ಸಿಸ್ಟರಮ್ಮ ಕಷ್ಟಪಟ್ಟು ಬೀಗ ತೆಗೆದು, "ಬಾಗ್ಲ ಹಿಂದ ಏನೈತಪ್ಪಾ?" ಎಂದು ಕೇಳಿದರು.

ಇವರು ಬಹಳ ಹೊತ್ತು ಯೋಚಿಸಿ, "ಇನ್ನೊಂದು ಬಾಗ್ಲ ಐತ್ರಿ" ಎಂದರು.

ಸಿಸ್ಟರಮ್ಮ ನನ್ನ ಮುಖ ನೋಡಿದರು. ನಾನು ಚಹಾ ಮಾಡಲು ಎದ್ದೆ.

ಅದರ ಮುಂದಿನ ವಾರವೇ ಇವರ ಕಣ್ಣಿಗೆ ಹಂಪಿಯ ಅಂಗಡಿಯಲ್ಲಿ ಆ ಪುಸ್ತಕ ಬಿದ್ದದ್ದು. ಪ್ರವಾಸಿಗರು ಓದಿ ಬಿಟ್ಟುಹೋದ ಪುಸ್ತಕಗಳನ್ನು ಮಾರುವ ಅಂಗಡಿಯದು. ನಮ್ಮ ಆಟದ ಪಾತ್ರಗಳು ಹೊತ್ತೊಯ್ಯಬಹುದಾದ ಆಯುಧ, ಹಗ್ಗ, ದೀಪ, ಡೇರೆ, ಎಲ್ಲ ಸಾಮಾನಿನ ವಿವರ ಇದ್ದ ದಪ್ಪ ಪುಸ್ತಕ. ಅದೊಂದಿದ್ದರೆ ಆಟ ಮತ್ತೆ ಸರಿಹೋಗುತ್ತದೆಂದು ಇವರ ನಂಬಿಕೆ.

ಕೊನೆಗೆ ಒಂದು ಭಾನುವಾರ ಮೂವರೂ ಬಸ್ಸು ಹತ್ತಿದೆವು. ಊರು ದಾಟುವವರೆಗೂ ಬಸ್ಸು ಲಾರಿಗಳ ಸಾಲಿನ ನಡುವೆ ತೆವಳಿತು. ಲಾರಿಯ ಹಿಂಭಾಗ ಕಂಡಾಗಲೆಲ್ಲ ಇವರು ಮುಖ ತಿರುಗಿಸುತ್ತಿದ್ದರು.

ಅಂಗಡಿಯವನು ಇವರನ್ನು ಕಂಡ ಕೂಡಲೇ ಕಪಾಟಿನ ಮೇಲಿಂದ ಪುಸ್ತಕ ತೆಗೆದ. "ನಿಮ್ಮ ಸಲುವಾಗಿ ಎತ್ತಿಟ್ಟೇನ್ರಿ ಸರ್. ಇಲ್ಲೇ ಕುಂತು ನೋಡ್ರಿ, ಅವಸರ ಏನಿಲ್ಲ. ಹಿಡಿಸಿದ್ರ ಒಯ್ರಿ, ಇಲ್ಲಾಂದ್ರ ಬಿಡ್ರಿ."

ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತೆವು. ಉತ್ತರಪತ್ರಿಕೆ ನೋಡುವ ಅಭ್ಯಾಸದ ನಾನು ಮೊದಲ ಪುಟದಿಂದ ಶುರು ಮಾಡಿದೆ. ಶ್ರದ್ಧೆಯಿಂದ ಮಾಡಿದ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ಚಿತ್ರಗಳು ಸೊಗಸಾಗಿದ್ದವು. ಕೊಕ್ಕೆಯ ಹಗ್ಗ ಯಾವುದು, ಗಂಟಿನ ಹಗ್ಗ ಯಾವುದು, ಗಾಳಿಗೆ ಆರದ ದೀಪ ಯಾವುದು, ಎಲ್ಲ ಇತ್ತು. ಆದರೆ ಪುಟ ತಿರುವಿದಂತೆ ನನಗೆ ಇನ್ನೊಂದು ಕಂಡಿತು. ಅರ್ಧ ಪುಸ್ತಕ ತೂಕದ ಪಟ್ಟಿ. ಯಾವ ವಸ್ತು ಎಷ್ಟು ಭಾರ, ಯಾರು ಎಷ್ಟು ಹೊರಬಲ್ಲರು, ಎಷ್ಟು ಹೊತ್ತರೆ ಎಷ್ಟು ಹೊತ್ತಿಗೆ ಕಾಲು ಸೋಲುತ್ತದೆ. ವಾರವೆಲ್ಲ ಲಾರಿಯ ತೂಕ ಬರೆದುಕೊಂಡು ಬರುವ ಮನುಷ್ಯನಿಗೆ ಭಾನುವಾರಕ್ಕೂ ಇದೇ ಬೇಕೇ ಎನಿಸಿತು.

ಸಿಸ್ಟರಮ್ಮ, "ಇದ್ರಾಗ ಔಷಧದ ಪೆಟಿಗಿ ಐತೇನು, ಓದು ನೋಡೋಣ" ಎಂದರು. ವೈದ್ಯನ ಚೀಲ ಎಂದೊಂದು ಇತ್ತು. ಅದರಲ್ಲಿ ಏನೇನಿದೆ ಎಂದು ಓದಿ ಹೇಳಿದೆ.

"ಕತ್ರಿನೇ ಇಲ್ಲಲ್ಲ! ಗಾಯದ ಪಟ್ಟಿ ಹ್ಯಾಂಗ ಕತ್ತರಸ್ತಾರ, ಹಲ್ಲಿಲೆ ಏನು?" ಎಂದು ನಕ್ಕರು.

ಆಡಿ ನೋಡಿಯೇ ತೀರ್ಮಾನಿಸೋಣ ಎಂದು ಇವರು ಚೀಲದಿಂದ ದಾಳ ತೆಗೆದರು. ಒಂದು ಗುಹೆಗೆ ಹೋಗಬೇಕು, ಅದಕ್ಕೆ ಮೊದಲು ಪುಸ್ತಕ ನೋಡಿ ಸಾಮಾನು ಆರಿಸಿಕೊಳ್ಳಬೇಕು. ನಾನು ಹಗ್ಗ ಆರಿಸಿದೆ, ಭಾರವಾಯಿತು, ದೀಪ ಬಿಟ್ಟೆ. ದೀಪವಿಲ್ಲದೆ ಗುಹೆಯಲ್ಲಿ ಏನು ಮಾಡುವುದು ಎಂದು ಹಗ್ಗ ಬಿಟ್ಟೆ. ಇವರು ಬೆರಳಿಟ್ಟು ಸಾಲು ಸಾಲು ಕೂಡಿಸುತ್ತಿದ್ದರು. ಬಿಸಿಲು ಕಟ್ಟೆಯ ಆ ತುದಿಯಿಂದ ಈ ತುದಿಗೆ ಬಂತು. ಗುಹೆ ಇನ್ನೂ ಕಂಡಿರಲಿಲ್ಲ.

"ತಮ್ಮಾ, ನಾ ಕಳ್ಳಿ. ಅಂಗಡ್ಯಾಗ ಪಾಳಿ ಹಚ್ಚಾಕ ಬಂದಿಲ್ಲ" ಎಂದು ಸಿಸ್ಟರಮ್ಮ ಸಾಮಾನು ಬರೆದುಕೊಳ್ಳುತ್ತಿದ್ದ ಹಾಳೆಯನ್ನು ಪಕ್ಕಕ್ಕಿಟ್ಟರು.

ನಾನು ನಕ್ಕೆ. ಇವರು ನಗಲಿಲ್ಲ. ಪುಸ್ತಕ ಮುಚ್ಚಿ, ಅದರ ರಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತರು. "ತಲ್ಯಾಗ ಏನೂ ಹುಟ್ಟವಲ್ದು" ಎಂದರು. "ಕುಂತ್ರ ಲಾರಿನೇ ಕಾಣ್ತಾವು. ಪುಸ್ತಕದಾಗ ಬರ್ದಿದ್ರ ಅದನ್ನ ಓದಿ ಹೇಳಬೌದಲ್ಲ, ನಾ ಏನೂ ಹುಟ್ಟಿಸೋದು ಬ್ಯಾಡಲ್ಲ ಅಂತ..."

ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಇದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕಥೆ ಸೊರಗಿತೆಂದು ಮನಸ್ಸಿನಲ್ಲೇ ಗೊಣಗಿದ್ದೆನೇ ಹೊರತು, ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಸಿಸ್ಟರಮ್ಮ ಇವರ ಮಣಿಕಟ್ಟು ಹಿಡಿದರು, ನಾಡಿ ನೋಡುವವರಂತೆ. "ನಿಂಗ ಪುಸ್ತಕ ಬ್ಯಾಡಪ್ಪ, ನಿದ್ದಿ ಬೇಕು."

"ಇನ್ ಮುಂದ ಕಥಿ ನಾ ಹೇಳ್ತೀನ್ರಿ" ಎಂದೆ. "ನೀವು ಸುಮ್ನ ಆಡ್ರಿ."

"ನಿಂಗ ಬರ್ತೈತೇನು?" ಎಂದರು ಇವರು.

"ಬರಂಗಿಲ್ಲ. ಆದ್ರೂ ಹೇಳ್ತೀನಿ."

ಪುಸ್ತಕ ಹಿಂದಿರುಗಿಸಿದೆವು. ಅಂಗಡಿಯವನು ಬೇಸರಪಡಲಿಲ್ಲ, ಮತ್ತೆ ಯಾರಾದರೂ ಬರುತ್ತಾರೆ ಎಂದ. ಬಸ್ಸಿನಲ್ಲಿ ಇವರು ಕಮಲಾಪುರ ಬರುವ ಮೊದಲೇ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು.

ಮುಂದಿನ ಭಾನುವಾರ ನಾನು ಕಥೆ ಹೇಳಿದೆ. ಚೆನ್ನಾಗಿರಲಿಲ್ಲ. ಒಂದು ಊರು, ಒಂದು ತುಂಬಿದ ಹೊಳೆ, ಆಚೆ ದಡದಲ್ಲೊಂದು ಕೋಟೆ, ಅಷ್ಟೇ ನನಗೆ ಹೊಳೆದದ್ದು. ಇವರು ಅಂಬಿಗನಾಗುತ್ತೇನೆಂದರು, ಸಿಸ್ಟರಮ್ಮನನ್ನು ಹರಿಗೋಲಿನಲ್ಲಿ ದಡ ಮುಟ್ಟಿಸಿ, "ನಾ ಇಲ್ಲೇ ಇರ್ತೀನಿ, ನೀವು ಕದ್ದು ಬರ್ರಿ" ಎಂದು ಗೋಡೆಗೆ ಒರಗಿದರು. ಸಿಸ್ಟರಮ್ಮ ಕೋಟೆ ಹೊಕ್ಕು ರಾಣಿಯ ಮೂಗುತಿ ಕದಿಯುವ ಹೊತ್ತಿಗೆ ಅಂಬಿಗ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲಿಲ್ಲ. ದಾಳದ ಸದ್ದಾಗದಿರಲೆಂದು ಮೇಜಿನ ಮೇಲೊಂದು ಟವಲ್ ಹಾಸಿದೆ.

ಸಿಸ್ಟರಮ್ಮ ಕಂಪ್ಲಿಯ ಅಣ್ಣನ ಮಗನ ಮನೆಗೆ ಹೋಗುವವರೆಗೆ, ವರ್ಷಕ್ಕೂ ಮೇಲೆ, ಹೀಗೇ ಆಡಿದೆವು. ಇವರು ಮತ್ತೆ ಕಥೆ ಹೇಳುವ ಜಾಗಕ್ಕೆ ಬರಲೇ ಇಲ್ಲ, ನಾನೂ ಒತ್ತಾಯಿಸಲಿಲ್ಲ. ಇವರ ಗಣಿಯ ಕೆಲಸವೇನೂ ಹಗುರಾಗಲಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಇವರಿಂದ ಯಾರೂ ಏನೂ ಕೇಳುತ್ತಿರಲಿಲ್ಲ.