ಎಲೀಯನ ರಥದ ಕುದುರೆಗಳು

ಅಂತಿಯೋಕ್ಯದ ರಥಪಂದ್ಯದ ಲಾಯದಲ್ಲಿ ಕುದುರೆಗಳ ಮೈ ತಿಕ್ಕುತ್ತಲೇ ಜಬ್ದಾ ಮುದುಕನಾದ. ಅವನ ಹೆಂಡತಿ ಶಲ್ಮತ್ ದೀಕ್ಷಾಸ್ನಾನ ಪಡೆದು ತೀರಿಕೊಂಡಿದ್ದಳು. ಸ್ವರ್ಗದಲ್ಲಿ ಅವಳನ್ನು ಹೋಗಿ ಸೇರುವುದೊಂದೇ ಅವನ ಆಸೆ; ಅದಕ್ಕೆ ಅವನಿಗೂ ದೀಕ್ಷಾಸ್ನಾನ ಆಗಬೇಕಿತ್ತು. ಆದರೆ ಪಂದ್ಯದ ಕೆಲಸ ಬಿಡದವನಿಗೆ ಆ ಸ್ನಾನವಿಲ್ಲ ಎಂಬುದು ಕ್ರೈಸ್ತ ಸಭೆಯ ಕಟ್ಟಳೆ. ಹೀಗಾಗಿ ಪ್ರತಿ ಭಾನುವಾರ ಬೋಧನೆ ಮುಗಿದೊಡನೆ, ಪ್ರಸಾದದ ರೊಟ್ಟಿ ಮುರಿದು ಹಂಚುವ ಮೊದಲು, ದೀಕ್ಷೆಯಿಲ್ಲದವರ ಜೊತೆ ಅವನನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು.

ಬೋಧಕ ಬಾಸೋಸ್ ಮಾತಿನಮಲ್ಲ. ಲಾಯದವರ ಕೇರಿಯಲ್ಲಿ ಬೋಧಿಸುವ ಮುನ್ನಾದಿನ ಜಬ್ದಾನ ಬಳಿ ಕುಳಿತು, ನಾಲ್ಕು ಕುದುರೆಗಳಲ್ಲಿ ನೊಗ ಯಾವುದಕ್ಕೆ, ತಿರುವಿನಲ್ಲಿ ಬಿಗಿಹಿಡಿಯುವುದು ಯಾವುದನ್ನು, ಎಲ್ಲ ಕೇಳಿ ತಿಳಿದುಕೊಂಡ. ಮರುದಿನ ಪ್ರವಾದಿ ಎಲೀಯನನ್ನು ಸ್ವರ್ಗಕ್ಕೆ ಒಯ್ದ ಬೆಂಕಿಯ ರಥದ ಕಥೆ ಹೇಳಿದ. ಕುದುರೆಗಳ ಬಾಯಿಯ ನೊರೆಯೂ ಕಣ್ಣಿಗೆ ಕಟ್ಟಿತು. ಜನ ಮೈಮರೆತು ಚಪ್ಪಾಳೆ ತಟ್ಟಿ, "ನೀಲಿಗೇ ಗೆಲುವು" ಎಂದು ತಮ್ಮ ತಂಡದ ಹೆಸರು ಕೂಗಿಬಿಟ್ಟರು. ಜಬ್ದಾ ಸಂತೋಷಕ್ಕೆ ಅತ್ತ.

ಮುಂದಿನ ವಾರ ದೊಡ್ಡ ದೇವಾಲಯದಲ್ಲಿ, ಓದುಬರಹ ಬಲ್ಲ ಸಿರಿವಂತರ ಮುಂದೆ, ಅದೇ ಕಥೆ. ಅಲ್ಲಿ ಕುದುರೆಗಳೇ ಇರಲಿಲ್ಲ. ಅವು ಮನಸ್ಸಿನ ನಾಲ್ಕು ಸದ್ಗುಣಗಳಾಗಿದ್ದವು. ಅದಕ್ಕೂ ಚಪ್ಪಾಳೆ ಬಿತ್ತು.

ಜಬ್ದಾ ಬಾಗಿಲ ಬಳಿ ಕಾದು ನಿಂತ.

"ಅಯ್ನೋರೇ, ಹೋದ್ವಾರ ಅವು ಕುದುರೆಗಳಾಗಿದ್ವು. ಒಂದು ವಾರದಲ್ಲಿ ಅವಕ್ಕೆ ಅದೇನು ರೋಗ ಬಂತು?"

ಬಾಸೋಸ್ ನಕ್ಕ. "ಬಾಯಿ ನೋಡಿ ತುತ್ತು ಕೊಡಬೇಕಪ್ಪಾ. ಕೂಸಿಗೂ ಕಟ್ಟಾಳಿಗೂ ಒಂದೇ ಊಟ ಆಗುತ್ತಾ?"

"ಅಂದ್ರೆ ಮುಖ ನೋಡಿ ಮಣೆ ಹಾಕ್ತೀರಿ. ಕಟ್ಟಳೆ ಮಾತ್ರ ಎಲ್ರಿಗೂ ಒಂದೇನಾ?"

"ಅದು ಒಂದೇ. ಲಾಯ ಬಿಟ್ಟು ಬಾ, ಸ್ನಾನ ಕೊಡ್ತೀನಿ."

ಜಬ್ದಾ ಲಾಯ ಬಿಡಲಿಲ್ಲ. ತಾನಿಲ್ಲದಿದ್ದರೆ ಆ ಕುದುರೆಗಳಿಗೆ ದಿಕ್ಕಿಲ್ಲ ಎಂದುಕೊಂಡಿದ್ದ. ದಿಕ್ಕಿಲ್ಲದಿದ್ದುದು ಅವನಿಗೆ.

ಚಳಿಗಾಲದಲ್ಲಿ ಜ್ವರ ಅವನನ್ನು ಕೆಡವಿತು. ಬಾಸೋಸ್ ನೀರಿನ ಪಾತ್ರೆ ಹಿಡಿದು ಓಡಿಬಂದ. ಸಾಯುವವನಿಗೆ ಹಾಸಿಗೆಯಲ್ಲೇ ದೀಕ್ಷೆ ಕೊಡಬಹುದಿತ್ತು. ಆದರೂ ಪ್ರಶ್ನೆ ಕೇಳದೆ ಕೊಡುವಂತಿರಲಿಲ್ಲ.

"ಕುದುರೆ ಬಿಟ್ಟೆಯೇನಪ್ಪಾ?"

"ಇಲ್ಲ ಅಯ್ನೋರೇ. ಎದ್ದರೆ ಮತ್ತೆ ಅಲ್ಲಿಗೇ ಹೋಗ್ತೀನಿ. ಸುಳ್ಳು ಹೇಳಿ ಶಲ್ಮತ್ ಮುಂದೆ ಹೇಗೆ ನಿಂತ್ಕೊಳ್ಳಲಿ?"

ಬಾಸೋಸ್ ನೀರಿನ ಪಾತ್ರೆ ಎತ್ತಿಕೊಂಡ. ಎದುರಿಗಿದ್ದ ಕೇಳುಗ ಒಬ್ಬನೇ.

"ಎಲೀಯನ ಕುದುರೆಗಳಿಗೂ ಯಾರೋ ಮೇವು ಹಾಕಿರ್ಬೇಕು, ಜಬ್ದಾ," ಎಂದು ಅವನ ತಲೆಯ ಮೇಲೆ ನೀರು ಸುರಿದ.

ಆ ಕಥೆಯ ಈ ಅರ್ಥವನ್ನು ಅವನು ಬೇರೆ ಯಾವ ಸಭೆಯಲ್ಲೂ ಹೇಳಲಿಲ್ಲ.